ನಮ್ಮ ಗದ್ದೆಯ ವೀರಗಲ್ಲು

ಕಳೆದ ಭಾನುವಾರ ಬಳ್ಳಿಗಾವಿಯಲ್ಲಿ ನಮ್ಮಪ್ಪನ ಮುಖ ನೀವು ನೋಡಬೇಕಿತ್ತು. ಊಟಕ್ಕೆ ಬಿಚ್ಚಿದ ಬುತ್ತಿಯನ್ನು ಹಾಗೇ ಕಟ್ಟಿ, "ನಡೀರಿ, ಮನೆಗೆ ಹೋಗಾಣ" ಅಂದುಬಿಟ್ಟ.

ಜಗಳ ಆಗಿತ್ತಾ? ಇಲ್ಲ. ಕಲ್ಲು ನೋಡಿದ್ದ, ಅಷ್ಟೆ.

ಬೆಳಿಗ್ಗೆ ಉಳವಿಯಿಂದ ನಾನು, ಹೆಂಡತಿ, ಅಪ್ಪ, ಅವ್ವ ಓಮ್ನಿಯಲ್ಲಿ ಹೊರಟಿದ್ದೆವು. ಮೊದಲು ತಾಳಗುಂದದ ಶಾಸನ, ಆಮೇಲೆ ಬಳ್ಳಿಗಾವಿ ಗುಡಿ. (ಇಷ್ಟು ಹತ್ತಿರ ಇದ್ದೂ ನಾವ್ಯಾರೂ ನೋಡಿರಲಿಲ್ಲ. ನೀವು ನೋಡಿದ್ದೀರಾ?) ಗುಡಿ ಪಕ್ಕ ಹಳೇ ವೀರಗಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಸುತ್ತ ಬೇಲಿ, ಸರ್ಕಾರದ ಬೋರ್ಡು.

ಹೆಂಡತಿ ಒಂದರ ಮುಂದೆ ನಿಂತು ಕೂಗಿದಳು: "ಮಾವ, ಇದು ನಮ್ಮ ಗದ್ದೆ ಬೋರ್‌ವೆಲ್ ಹತ್ರ ಬಿದ್ದಿರೋ ಕಲ್ಲಿನ ಥರಾನೇ ಇದೆ!"

ನಿಜ. ನಮ್ಮ ಕಲ್ಲಿನಲ್ಲೂ ಕತ್ತಿ ಹಿಡಿದವನೊಬ್ಬ, ಕೆಳಗೆ ಸವೆದ ದನಗಳ ಸಾಲು. ಯಾರು ಏನು ಅಂತ ನಾವು ಕೇಳಿದವರಲ್ಲ. ಅವ್ವ ದಿನಾ ಬಟ್ಟೆ ಒಗೆಯುವುದು ಅದರ ಮೇಲೇ.

ಅಪ್ಪ ಬೇಲಿ ನೋಡಿದ. ಬೋರ್ಡು ನೋಡಿದ. ನನ್ನ ಕಿವಿ ಹತ್ತಿರ ಬಂದ. "ಇವ್ರಿಗೆ ಗೊತ್ತಾದ್ರೆ ಗದ್ದೆಗೂ ಬೇಲಿ ಹಾಕ್ತಾರೋ. ಇವತ್ತೇ ಟ್ರ್ಯಾಕ್ಟರಿಗೆ ಕಟ್ಟಿ ಕೆರೆಗೆ ಉರುಳಿಸಿಬಿಡಾಣ."

"ಕೇಳಿ ನೋಡಾಣ ತಡಿ."

"ಬಾಯಿ ಬಿಟ್ಟೆ ಅಂದ್ರೆ ನೋಡು!"

ನನಗೆ ಗುಸುಗುಸು ಆಗಿಬರುವುದಿಲ್ಲ. ಗುಡಿಯ ಕಾವಲುಗಾರನನ್ನು ಕರೆದು, ಇಂಥ ಕಲ್ಲು ಗದ್ದೆಯಲ್ಲಿದ್ದರೆ ಸರ್ಕಾರ ಜಾಗ ತಗೊಳ್ಳುತ್ತಾ ಅಂತ ನೇರವಾಗಿ ಕೇಳಿದೆ. ಅಪ್ಪ ಹಿಂದಿನಿಂದ ಚಿವುಟುತ್ತಲೇ ಇದ್ದ. (ಕಲೆ ಇನ್ನೂ ಇದೆ.)

ಆತ ನಕ್ಕ. "ಹೆದ್ರಬ್ಯಾಡ್ರಿ ಯಜಮಾನ್ರೆ. ಈ ಕಡಿ ಊರೂರಿಗೂ ಇಂಥ ಕಲ್ಲು ಅದಾವು. ನಮ್ಮ ಹೊಲದಾಗೇ ಎರಡು ಅದಾವ್ರಿ. ಪಹಣಿ ಇನ್ನೂ ನನ್ ಹೆಸರಿಗೇ ಐತಿ! ಒಡೀಬ್ಯಾಡ್ರಿ, ಎತ್ತಿ ನಿಲ್ಲಿಸ್ರಿ, ಸಾಕು."

ಅಪ್ಪ ಬಿಟ್ಟ ಉಸಿರು ಗುಡಿಯೊಳಗಿದ್ದವರಿಗೂ ಕೇಳಿಸಿರಬೇಕು. ಬುತ್ತಿ ಮತ್ತೆ ಬಿಚ್ಚಿಕೊಂಡಿತು. ಐದು ರೊಟ್ಟಿ ತಿಂದ. ಕಾವಲುಗಾರನಿಗೂ ಎರಡು ಕೊಟ್ಟ. ಅವ್ವನಿಗೆ ಮಾತ್ರ ಸಿಟ್ಟು: "ಹಂಗಾರೆ ನಾನು ಬಟ್ಟೆ ಎಲ್ಲಿ ಒಗೀಲಿ? ನಿಮ್ಮಪ್ಪನ ಬೆನ್ನ ಮೇಲಾ?"

ಹೊಟ್ಟೆ ತುಂಬಿದ ಮೇಲೆ ಅಪ್ಪ ಕೇಳಿದ. "ಅಲ್ಲ ಮಾರಾಯಾ, ಕೆಳಗೆ ದನ ಕೆತ್ತಿರೋ ನಮ್ಮ ಕಲ್ಲಲ್ಲಿ ಇರೋನು ಯಾರು?"

"ಕೆಳಗ ದನ ಅದಾವು ಅಂದ್ರೆ, ಊರ ದನ ಹೊಡ್ಕೊಂಡು ಹೋಗೋರ ಜೋಡಿ ಬಡಿದಾಡಿ ಸತ್ತೋನು, ಯಜಮಾನ್ರೆ."

ಅಪ್ಪ ಎದ್ದು ಹೋಗಿ ಬೇಲಿಯಾಚೆಯ ಕಲ್ಲಿಗೆ ಕೈ ಮುಗಿದ.

ಊರ ದನ ಉಳಿಸಲು ಸತ್ತವನನ್ನು ಸ್ವಂತ ಗದ್ದೆ ಉಳಿಸಲು ಕೆರೆಗೆ ನೂಕಲು ಹೊರಟಿದ್ದೆವಲ್ಲ, ನಮಗೆ ಯಾರು ಕಲ್ಲು ನಿಲ್ಲಿಸುತ್ತಾರೆ, ಹೇಳಿ?