ಬಂದರಿನಲ್ಲಿ ಬಿಟ್ಟ ಕಾರು, ಅದರೊಳಗಿನ ಊದಿನಕಡ್ಡಿ

ನಾವು ಪ್ರವಾಸ ಹೊರಟ ಹಡಗು ಚೆನ್ನೈ ಬಂದರು ಬಿಟ್ಟ ಮೇಲೆ ಅವ್ವ ಹೇಳಿದಳು: "ಕಾರಿನ ಚಿಂತಿ ಬಿಡು. ನೀ ಸಾಮಾನು ಇಳಸೂವಾಗ ಬಸವಣ್ಣಗ ಊದಿನಕಡ್ಡಿ ಹಚ್ಚೇ ಬಂದೀನಿ."

ಕುರುಗೋಡಿನ ನಮ್ಮ ಮನೆಯಲ್ಲಿ ದೇವರಿಗೆ ಊದಿನಕಡ್ಡಿ ಹಚ್ಚಿಯೇ ಪ್ರಯಾಣ ಹೊರಡುವುದು. ಆದರೆ ಈ ಪುಟ್ಟ ಬಸವಣ್ಣನ ಮೂರ್ತಿ ಕೂತದ್ದು ಕಾರಿನೊಳಗೆ, ಸ್ಟೀರಿಂಗ್ ಪಕ್ಕ, ಮಖಮಲ್ ಬಟ್ಟೆಯ ಮೇಲೆ. ಬೀಗ ಹಾಕಿದ ಕಾರು ಬಂದರಿನ ಪಾರ್ಕಿಂಗಿನಲ್ಲಿ, ಬೇರೆ ಕಾರುಗಳ ನಡುವೆ ಇತ್ತು.

"ಬೆಂಕಿ ಹತ್ತಿದ್ರ ಏನವ್ವಾ?"

"ಬಸವಣ್ಣ ಅದಾನಲ್ಲೋ!"

ಫೋನಿಗೆ ಸಿಗ್ನಲ್ ಇರಲಿಲ್ಲ. ಪ್ರವಾಸವಿಡೀ ನನ್ನ ಕಣ್ಣಿಗೆ ಸಮುದ್ರ ಕಾಣಲಿಲ್ಲ, ಹೊಗೆ ಕಂಡಿತು.

ಮರಳಿದಾಗ ಕಾರು ಹಾಗೇ ನಿಂತಿತ್ತು. ಬಾಗಿಲು ತೆಗೆದೆ. ಮಖಮಲ್ ಬಟ್ಟೆಯಲ್ಲಿ ಅಂಗೈಯಗಲ ಸುಟ್ಟ ತೂತು. ಬೆಂಕಿ ತಾನಾಗಿ ಆರಿತ್ತು. ಅವ್ವ ಬಸವಣ್ಣನನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ಈಗಲೂ ಕಾರಿಗೆ ಬೀಗ ಹಾಕಿದ ಮೇಲೆ ಗಾಜಿಗೆ ಮುಖ ಒತ್ತಿ ಒಳಗೆ ನೋಡುತ್ತೇನೆ.