ಬೆಂಚಿನ ಮೇಲಿದ್ದ ಬ್ಯಾಗು

ಫ್ರೆಂಡ್ಸ್, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಇವತ್ತು ಸಂಜೆ ಮಗಳನ್ನು ಕರೆತರಲು ಹಲಸೂರಿನಿಂದ ಆಟೋ ಹಿಡಿದು ರೈಲ್ವೆ ಸ್ಟೇಷನ್ನಿಗೆ ಹೋಗಿದ್ದೆ. ಅವಳ ರೈಲು ಬರಬೇಕಿದ್ದ ಪ್ಲಾಟ್‌ಫಾರ್ಮಿನಲ್ಲಿ ಮುರಿಯದೆ ಉಳಿದಿದ್ದ ಒಂದೇ ಬೆಂಚಿನ ಮೇಲೆ ಕಪ್ಪು ಬ್ಯಾಗೊಂದಿತ್ತು, ಸುತ್ತ ಯಾರೂ ಇರಲಿಲ್ಲ. ಬಾಂಬೇನೋ ಎಂದು ಭಯವಾಯಿತು. ಓಡಿಹೋಗಿ ಪೊಲೀಸಿನವರಿಗೆ ಹೇಳಿದೆ.

ಅವರು ದೂರದಿಂದಲೇ ನೋಡಿ, "ಮೇಡಂ, ಒಳಗೇನಿದೆ ಅಂತ ನೀವೇ ಸ್ವಲ್ಪ ನೋಡ್ಬಿಡಿ" ಎಂದರು.

"ನಾನಾ?"

"ಮೊದ್ಲು ನೋಡಿದ್ದು ನೀವೇ ಅಲ್ವಾ?"

ಅಷ್ಟರಲ್ಲಿ ಅಜ್ಜಿಯೊಬ್ಬರು ನಲ್ಲಿಯಲ್ಲಿ ನೀರು ತುಂಬಿಸಿಕೊಂಡು ಬಂದರು. "ನಂದೇ ಕಣಮ್ಮ, ಸೀಟ್ ಹಿಡಿಯೋಕೆ ಇಟ್ಟಿದ್ದೆ. ಇಲ್ಲಾಂದ್ರೆ ಜನ ಬಿಡ್ತಾರಾ? ಬಾ, ಕೂತ್ಕೋ."

ನಾಚಿಕೆಯಾಯಿತು. ಇಷ್ಟು ಭಯ ಬೇಕಿತ್ತೇ ಎಂದುಕೊಂಡು ಕೂತೆ, ಬ್ಯಾಗಿಲ್ಲದ ತುದಿಯಲ್ಲಿ. ಪೊಲೀಸಿನವರು ಮಾತ್ರ ರೈಲು ಬರುವವರೆಗೂ ಆ ಬೆಂಚಿನ ಕಡೆ ಸುಳಿಯಲಿಲ್ಲ.