ನಸ್ರೀನ್ ಬರೆದ ಅರ್ಧ ಪುಟ

ನಸ್ರೀನ್, ಆ ದಿನ ನಿನ್ನ ಪುಟ ಕೆಟ್ಟದ್ದು ನಿನ್ನಿಂದಲ್ಲ. ಕೆಡಿಸಿದವಳು ನಾನು. ಕೆಟ್ಟಿದೆ ಎಂದು ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ — ಇಷ್ಟನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಸಿಂಧನೂರಿನಲ್ಲಿ ಬೀಜ-ಗೊಬ್ಬರದ ಅಂಗಡಿಯ ಮೇಲಿದ್ದ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ನೀನು ಲಿಂಗಸುಗೂರಿನಿಂದ, ನಾನು ಮಸ್ಕಿಯಿಂದ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಮೊದಲು ಹತ್ತಿದ ನೀನು ಪಕ್ಕದ ಸೀಟಿಗೆ ಕರ್ಚೀಫ್ ಹಾಕಿ, ನಾನು ಬರುವವರೆಗೂ ಯಾರ ಜೊತೆಗಾದರೂ ಜಗಳಕ್ಕೆ ನಿಂತಿರುತ್ತಿದ್ದೆ. ಅಂಥವಳಿಗೆ ನಾನು —

ಕೇಂದ್ರದ ಮಾಲೀಕರು ಲಿಂಗಸುಗೂರಿನಲ್ಲಿ ಇನ್ನೊಂದು ಶಾಖೆ ತೆರೆಯುವವರಿದ್ದರು. ಅಲ್ಲಿ ಕಲಿಸಲು ನಮ್ಮಿಬ್ಬರಲ್ಲಿ ಒಬ್ಬರನ್ನು ಆರಿಸುವುದಾಗಿ ಹೇಳಿದ್ದರು. ಅಕ್ಕಿ ಗಿರಣಿಯೊಂದಕ್ಕೆ ವೆಬ್ ಪುಟ ಮಾಡಿ ತೋರಿಸಬೇಕಿತ್ತು. ಪುಟ ಒಂದೇ, ಅರ್ಧ ನಿನ್ನದು, ಅರ್ಧ ನನ್ನದು. ಟೀಚರ್ ಎಂದು ಕರೆಸಿಕೊಳ್ಳಬೇಕೆಂಬ ನಿನ್ನ ಆಸೆ ನನಗೆ ಗೊತ್ತಿತ್ತು. ಅದನ್ನು ನೀನು ಬಸ್ಸಿನಲ್ಲಿ ನನಗೊಬ್ಬಳಿಗೇ ಹೇಳಿದ್ದೆ.

ನಿನ್ನ ಭಾಗ ಚೆಂದವಿತ್ತು. ಅದೇ ನನ್ನ ಹೊಟ್ಟೆಕಿಚ್ಚು. ಪುಟದಲ್ಲಿ ಹೆಸರು, ಚಿತ್ರ, ದರ ಕಾಣುವ ಚೌಕಗಳಿಗೆ ನಾವು ಡಬ್ಬಿ ಎನ್ನುತ್ತಿದ್ದೆವು. ನಾವೆಲ್ಲ ಒಂದು ಡಬ್ಬಿಯ ಒಳಗಿನಿಂದ ಉಳಿದ ಡಬ್ಬಿಗಳಿಗೆಲ್ಲ ಕೈ ಹಾಕಿ ಬದಲಿಸುತ್ತಿದ್ದಾಗ, ಪುಟವನ್ನು ಆಡಿಸುವ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ ನೀನು ಬೇರೆಯೇ ದಾರಿ ಹಿಡಿದಿದ್ದೆ. ಅಕ್ಕಿಯ ಹೆಸರು ಆರಿಸುವ ಡಬ್ಬಿ ತಾನು ಬದಲಾದೆನೆಂಬ ಸುದ್ದಿ ಮುಟ್ಟಿಸಿ ಸುಮ್ಮನಾಗುತ್ತಿತ್ತು. ಆ ಸುದ್ದಿಗಾಗಿ ಕಾದಿದ್ದ ಚಿತ್ರ, ದರ, ವಿವರ ಎಲ್ಲ ತಂತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಿದ್ದವು.

ನನ್ನ ಪಾಲಿಗೆ ಬಂದದ್ದು ಪುಟದ ಕೆಳಗೆ ಓಡುವ ಸ್ವಾಗತದ ಸಾಲು. ಅಕ್ಕಿ ಬದಲಾದಾಗ ಅದೂ ಬದಲಾಗಲೆಂದು ಅದೇ ಡಬ್ಬಿಯ ಅದೇ ಘಟನೆಗೆ, ಅಂದರೆ ಅದು ಬದಲಾಗುವ ಗಳಿಗೆಗೆ, ನನ್ನ ಫಂಕ್ಷನ್ನನ್ನೂ, ನನ್ನ ಸಾಲನ್ನು ಓಡಿಸುವ ಆಜ್ಞೆಗಳ ಕಟ್ಟನ್ನೂ, ಜೋಡಿಸಿದೆ. ಎರಡೂ ಭಾಗಗಳನ್ನು ಒಂದು ಫೈಲಿಗೆ ಸೇರಿಸಿದವಳೂ ನಾನೇ. ನಾವು ಬರೆಯುತ್ತಿದ್ದ ರೀತಿಯಲ್ಲಿ ಒಂದು ಘಟನೆಗೆ ಒಬ್ಬರೇ ಕಿವಿಗೊಡಬಹುದಿತ್ತು. ಆಮೇಲೆ ಬಂದವರು ಮೊದಲಿನವರನ್ನು ಎಬ್ಬಿಸಿ ಕೂತುಬಿಡುತ್ತಿದ್ದರು. ತಪ್ಪಾಗಿದೆ ಎಂಬ ಸೂಚನೆಯೂ ಬರುತ್ತಿರಲಿಲ್ಲ. ನನ್ನ ಸಾಲು ಓಡಿತು. ಎಲ್ಲರಿಗೂ ಸುದ್ದಿ ಹಂಚುತ್ತಿದ್ದ ನಿನ್ನ ಒಂದೇ ಫಂಕ್ಷನ್ ಜಾಗ ಕಳೆದುಕೊಂಡು, ನಿನ್ನದೆಲ್ಲ ನಿಂತುಹೋಯಿತು.

ಅಲ್ಲಿಯವರೆಗೆ ಅದು ಅರಿಯದೆ ಆದದ್ದು. ಆದರೆ ತೋರಿಸಬೇಕಿದ್ದ ದಿನ, ನೀನು ಚಹಾಕ್ಕೆ ಕೆಳಗಿಳಿದಾಗ ಅದು ನನ್ನ ಕಣ್ಣಿಗೆ ಬಿತ್ತು, ಕಾರಣವೂ ಹೊಳೆಯಿತು. ಇಬ್ಬರ ಫಂಕ್ಷನ್ನುಗಳನ್ನೂ ಸಾಲಾಗಿ ಕರೆಯುವ ಇನ್ನೊಂದನ್ನು ಬರೆದಿದ್ದರೆ ಮುಗಿಯುತ್ತಿತ್ತು. ಕೀಬೋರ್ಡಿನ ಮೇಲೆ ಕೈ ಇಟ್ಟೆ ಕೂಡ. ನಿನ್ನದು ನಡೆದರೆ ನನ್ನದನ್ನು ಯಾರು ನೋಡುತ್ತಾರೆ — ಕೈ ತೆಗೆದೆ.

ಮಾಲೀಕರ ಮುಂದೆ ನೀನು ಅಕ್ಕಿಯ ಹೆಸರು ಬದಲಿಸಿದೆ. ಚಿತ್ರ ಕದಲಲಿಲ್ಲ. ಮತ್ತೆ ಬದಲಿಸಿದೆ. ಕೆಳಗೆ ನನ್ನ ಸಾಲು ಮಾತ್ರ ಕುಣಿಯುತ್ತಿತ್ತು. ಅವರು ನನ್ನ ಕಡೆ ತಿರುಗಿ ಕೇಳಿದರು: "ಈಕಿ ಬರದಿದ್ದಕ್ಕ ನೀ ಏನರ ಕೈ ಹಚ್ಚೀಯೇನವಾ?"

"ಇಲ್ರೀ ಸರ್. ಆಕಿದು ಆಕಿನೇ ಬರದಾಳ್ರೀ."

ವಾಪಸು ಬರುವಾಗ ನೀನು ನನ್ನ ಮೇಲೆ ಸಂಶಯ ಪಡಲಿಲ್ಲ. ಪಟ್ಟಿದ್ದರೆ ಅಲ್ಲೇ ಒಪ್ಪಿಕೊಂಡುಬಿಡುತ್ತಿದ್ದೆನೇನೋ — ಇಲ್ಲ, ಇದೂ ನೆಪವೇ. "ಇದು ನನ್ನ ತಲಿಗಿ ಹತ್ತಂಗಿಲ್ಲ ಬಿಡು, ಮಾದೇವಿ" ಎಂದೆ ನೀನು. ಮರುದಿನದಿಂದ ಬರುವುದನ್ನೇ ಬಿಟ್ಟೆ. ನಿನ್ನ ಊರಿನಲ್ಲಿ ನಾನು ಟೀಚರ್ ಆದೆ. ನಿನ್ನ ಆ ದಾರಿಯನ್ನೇ ನನ್ನದೆಂದು ಹೇಳಿ ಕಲಿಸಿದೆ.

ಮೊನ್ನೆ ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕೆಯಲ್ಲ, ಆಗ ನೀನು ಕಾಲೇಜಿಗೆ ಹೋಗುವ ಮಗಳಿಗೆ ನನ್ನನ್ನು ತೋರಿಸಿ, "ಭಾಳ ಶಾಣ್ಯಾಕಿ ಈಕಿ. ನಾ ಬರದಿದ್ದು ಮಾತ್ರ ಸರ್ ಮುಂದ ನಡೀಲೇ ಇಲ್ಲ ನೋಡು" ಎಂದು ನಕ್ಕೆ. ಮಗಳೂ ನಕ್ಕಳು, ಅಮ್ಮಿ ದಡ್ಡಿ ಎನ್ನುವುದು ನಿಮ್ಮ ಮನೆಯಲ್ಲಿ ಹಳೆಯ ತಮಾಷೆ ಎಂದು ಕಾಣುತ್ತದೆ. ನಾನೂ ನಕ್ಕೆ, ನಸ್ರೀನ್. ಇಷ್ಟೆಲ್ಲ ಮಾಡಿದ ಮೇಲೂ ನಿಮ್ಮ ಜೊತೆ ಸೇರಿ ನಕ್ಕೆ. ನನಗೆ ನನ್ನ ಮೇಲೆ ಅಷ್ಟು ಅಸಹ್ಯ ಎಂದೂ ಆಗಿರಲಿಲ್ಲ.

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ನಾನೇ ಬರುತ್ತೇನೆ. ಕ್ಷಮಿಸು ಎಂದು ಕೇಳಿ ನಿನ್ನನ್ನು ಸಂಕಟಕ್ಕೆ ಸಿಕ್ಕಿಸುವುದಿಲ್ಲ. ನಿನ್ನ ಮಗಳನ್ನು ಎದುರಿಗೆ ಕೂರಿಸಿಕೊಂಡು, ಅವಳ ಅಮ್ಮಿ ಬರೆದದ್ದು ಸರಿಯಾಗಿಯೇ ನಡೆಯುತ್ತಿತ್ತು, ನಿಲ್ಲಿಸಿದವಳು ನಾನು ಎಂದು ಹೇಳುತ್ತೇನೆ. ಆಮೇಲೆ ನೀನು ಬಾಗಿಲು ತೋರಿಸಿದರೆ ಎದ್ದು ಹೋಗುತ್ತೇನೆ.